ಒಡಲಿನ ಅರಿವಿಗೆ ಅಧಿಕಾರಿ ಯಾರು?

ಭಾರತೀಯ ಶಾಸ್ತ್ರಕಾರರು ಗ್ರಂಥವೊಂದನ್ನು ಆರಂಭಿಸುವಾಗ ನಾಲ್ಕು ಪ್ರಶ್ನೆಗಳನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳುತ್ತಿದ್ದರು: ಈ ವಿದ್ಯೆಯನ್ನು ಕಲಿಯಲು ತಕ್ಕವನು ಯಾರು, ಇಲ್ಲಿ ಹೇಳಲಿರುವ ವಿಷಯ ಯಾವುದು, ಆ ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧ ಎಂಥದು, ಕಲಿತವನಿಗೆ ಆಗುವ ಪ್ರಯೋಜನ ಏನು. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಈ ನಾಲ್ಕಕ್ಕೆ ಅನುಬಂಧ ಚತುಷ್ಟಯ ಎಂದು ಹೆಸರು. ವೇದಾಂತದ ಪ್ರವೇಶಗ್ರಂಥವೆಂದು ಹೆಸರಾದ ಸದಾನಂದನ ವೇದಾಂತಸಾರ ಇವುಗಳ ವಿವರಣೆಯಿಂದಲೇ ತೊಡಗುತ್ತದೆ. ಈ ಹಳೆಯ ಕ್ರಮವನ್ನು ಇಂದಿನ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಒಂದು ಅಧ್ಯಾಯಕ್ಕೆ ಹಚ್ಚಿ ನೋಡಿದರೆ, ಪುಸ್ತಕದ ಪುಟಗಳಲ್ಲಿ ಎಲ್ಲಿಯೂ ಕಾಣದಿದ್ದರೂ ಅದನ್ನು ಓದುವ ಸಮಾಜವನ್ನು ಒಳಗಿನಿಂದ ಕಾಡುತ್ತಿರುವ ಧಾರ್ಮಿಕ ಪ್ರಶ್ನೆಯೊಂದು ಎದ್ದುಬರುತ್ತದೆ. ಸಂತಾನೋತ್ಪತ್ತಿ ಆರೋಗ್ಯ ಎಂಬ ಆ ಅಧ್ಯಾಯಕ್ಕೆ ಅಧಿಕಾರಿ ಯಾರು? ಅದನ್ನು ಅರಿತವರಿಗೆ ಆಗಬೇಕಾದ ಪ್ರಯೋಜನ ಯಾವುದು?

ಅಧ್ಯಾಯ ಚಿಕ್ಕದು, ಆದರೆ ಅದರಲ್ಲಿ ಅಡಕವಾಗಿರುವ ಸಂಗತಿಗಳು ಮನುಷ್ಯನ ಬದುಕಿನ ಅತ್ಯಂತ ಸೂಕ್ಷ್ಮವಾದ ಎಡೆಗಳನ್ನು ಮುಟ್ಟುತ್ತವೆ. ಗರ್ಭ ನಿಲ್ಲದಂತೆ ತಡೆಯುವ ಸಹಜ ವಿಧಾನಗಳು, ನಿರೋಧದಂಥ ತಡೆಗಳು, ಗರ್ಭಕೋಶದೊಳಗೆ ಇರಿಸುವ ಕಾಪರ್-ಟಿಯಂಥ ಸಾಧನಗಳು, ಗುಳಿಗೆ ಮತ್ತು ಚುಚ್ಚುಮದ್ದುಗಳು, ಗಂಡಸರ ಮತ್ತು ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಗಳು, ವೈದ್ಯಕೀಯ ಗರ್ಭಪಾತ, ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳು, ಮಕ್ಕಳಾಗದವರಿಗೆ ಇರುವ ಪ್ರನಾಳ ಶಿಶು ವಿಧಾನ, ಇಷ್ಟೆಲ್ಲವೂ ಅಲ್ಲಿ ಬರುತ್ತವೆ. ವೈದ್ಯಕೀಯ ಪ್ರವೇಶಕ್ಕೆ ದೇಶದಾದ್ಯಂತ ನಡೆಯುವ ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ ಅರ್ಧದಷ್ಟು, ಎಂದರೆ 90 ಪ್ರಶ್ನೆಗಳು, ಜೀವಶಾಸ್ತ್ರದವು. ಪ್ರತಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಹೀಗಾಗಿ ಬಳ್ಳಾರಿ ನಗರದ ಕೋಚಿಂಗ್ ತರಗತಿಗಳಲ್ಲಿಯೂ ಅದೇ ಜಿಲ್ಲೆಯ ಸಿರುಗುಪ್ಪ, ಕುರುಗೋಡಿನ ಪದವಿಪೂರ್ವ ಕಾಲೇಜುಗಳಲ್ಲಿಯೂ ಈ ಅಧ್ಯಾಯವನ್ನು ವಿಜ್ಞಾನ ವಿಭಾಗದ ಹುಡುಗ ಹುಡುಗಿಯರು ಸಾಲುಸಾಲಾಗಿ ಬಾಯಿಪಾಠ ಮಾಡುತ್ತಾರೆ, ಮನೆಯ ಹಿರಿಯರು ಅದಕ್ಕೆ ಅಡ್ಡಿ ಹೇಳುವುದಿಲ್ಲ. ಅದೇ ಮನೆಯಲ್ಲಿ ಮುಟ್ಟಿನ ಮಾತನ್ನು ಗಂಡಸರ ಕಿವಿಗೆ ಬೀಳದಂತೆ ಆಡಲಾಗುತ್ತದೆ, ಮಗಳು ಮೈನೆರೆದ ದಿನ ಅವಳಿಗೆ ಏನಾಗುತ್ತಿದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಬಾರದೆಂದು ನಂಬಿದ ಮಾತು ಪರೀಕ್ಷೆಗೆ ಬರುತ್ತದೆ ಎಂದ ಕೂಡಲೇ ಹೇಳಬಹುದಾದ ಮಾತಾಗುತ್ತದೆ. ಪೂಜೆಗೆ ಮುನ್ನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಗೆ ಬರುವ ಮಡಿಯಂಥದೊಂದು ಮಡಿ, ಅಂಕದ ಆಸೆಯಿಂದ ಈ ವಿದ್ಯೆಗೆ ಬಂದಿದೆ.

ಈ ಮಡಿಯ ಆವರಣದೊಳಗೆ ಬರದವರೇ ಹೆಚ್ಚು. ಎಸ್ಸೆಸ್ಸೆಲ್ಸಿ ಮುಗಿಸಿ ಕಲಾ ವಿಭಾಗ ಸೇರಿದ ಹುಡುಗಿ, ಹೈಸ್ಕೂಲಿನಲ್ಲೇ ಓದು ಬಿಟ್ಟು ತುಂಗಭದ್ರಾ ಕಾಲುವೆಯ ಕೆಳಗಿನ ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿಗೆ ಇಳಿದವಳು, ಬಳ್ಳಾರಿಯ ಜೀನ್ಸ್ ಹೊಲಿಗೆಯ ಕೆಲಸಕ್ಕೆ ಸೇರಿದ ಹುಡುಗ, ಇವರಾರಿಗೂ ಆ ಅಧ್ಯಾಯ ಎದುರಾಗುವುದೇ ಇಲ್ಲ. ಹದಿನೆಂಟು ತುಂಬುವ ಮುನ್ನ ನಡೆಯುವ ಮದುವೆಯನ್ನು ಆರಂಭದಿಂದಲೇ ಅಸಿಂಧುವೆಂದು ಸಾರುವ ತಿದ್ದುಪಡಿಯನ್ನು ಕರ್ನಾಟಕ 2016ರಲ್ಲೇ ತಂದಿದ್ದರೂ ಬಾಲ್ಯವಿವಾಹ ಈ ಭಾಗದಿಂದ ಪೂರ್ತಿ ಹೋಗಿಲ್ಲ. ಅಂಥ ಮದುವೆಗೆ ಒಳಗಾದ ಹುಡುಗಿಗೆ ಬಸಿರು ಹೇಗೆ ನಿಲ್ಲುತ್ತದೆ, ಹೇಗೆ ತಡೆಯಬಹುದು ಎಂಬ ಅರಿವು ಎಲ್ಲರಿಗಿಂತ ಮೊದಲು ಬೇಕು, ಆದರೆ ಎಲ್ಲರಿಗಿಂತ ಕೊನೆಗೆ ಸಿಗುತ್ತದೆ. ಇದು ಕೇವಲ ಅಚಾತುರ್ಯದಿಂದ ಆದದ್ದಲ್ಲ. ಕೇಂದ್ರ ಸರ್ಕಾರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ನಿಲ್ಲಿಸಿದವು, ಸಂಸ್ಕೃತಿಗೆ ಒಗ್ಗದು ಎಂಬುದು ಆಗ ಕೇಳಿಬಂದ ಮುಖ್ಯ ಕಾರಣವಾಗಿತ್ತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯು ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದು ಅಭಿಪ್ರಾಯಪಟ್ಟು, ಇಂಥ ಪಾಠಗಳನ್ನು ಜೀವಶಾಸ್ತ್ರದ ಪಠ್ಯದಲ್ಲಿ, ಅದೂ ಹನ್ನೊಂದು-ಹನ್ನೆರಡನೆಯ ತರಗತಿಗಳಿಗಿಂತ ಮುಂಚೆ ಅಲ್ಲ, ಇಡಬಹುದೆಂದು ಸೂಚಿಸಿತು. ಈ ಸೂಚನೆಯ ತಾತ್ಪರ್ಯವನ್ನು ಹಳೆಯ ಪರಿಭಾಷೆಯಲ್ಲಿ ಹೇಳುವುದಾದರೆ, ದೇಹವುಳ್ಳ ಎಲ್ಲರಿಗೂ ಸಲ್ಲಬೇಕಾದ ವಿದ್ಯೆಗೆ ವಿಜ್ಞಾನದ ವಿದ್ಯಾರ್ಥಿಯೊಬ್ಬನೇ ಅಧಿಕಾರಿಯಾದ.

ಅಧಿಕಾರದ ಈ ಪ್ರಶ್ನೆಯನ್ನು ಪ್ರಾಚೀನರು ಬಹಳ ಗಂಭೀರವಾಗಿ ಚರ್ಚಿಸಿದ್ದಾರೆ, ಆ ಚರ್ಚೆಯಲ್ಲಿ ಒಂದೇ ದನಿಯಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ವೇದದ ಕರ್ಮಭಾಗವನ್ನು ವಿಚಾರ ಮಾಡುವ ಪೂರ್ವಮೀಮಾಂಸೆಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ, ಯಜ್ಞ ಮಾಡುವ ಅರ್ಹತೆ ಗಂಡಸಿಗೆ ಮಾತ್ರವೇ ಎಂಬ ಪ್ರಶ್ನೆ ಬರುತ್ತದೆ. ಹೌದೆನ್ನುವ ಐತಿಶಾಯನನ ಮತವನ್ನು ಮುಂದಿಟ್ಟು, ಬಾದರಾಯಣನನ್ನು ಆಧಾರವಾಗಿಟ್ಟುಕೊಂಡು ಸೂತ್ರಕಾರ ಜೈಮಿನಿ ಅದನ್ನು ತಳ್ಳಿಹಾಕುತ್ತಾನೆ. ಫಲವನ್ನು ಬಯಸುವ ಶಕ್ತಿ ಹೆಣ್ಣಿಗೂ ಇರುವುದರಿಂದ ಕರ್ಮದ ಅರ್ಹತೆಯೂ ಅವಳಿಗಿದೆ ಎಂಬುದು ಆ ವಾದದ ತಿರುಳು. ಇನ್ನೊಂದೆಡೆ ಬ್ರಹ್ಮಸೂತ್ರದ ಅಪಶೂದ್ರಾಧಿಕರಣವೆಂಬ ಪ್ರಕರಣದಲ್ಲಿ ಶೂದ್ರರಿಗೆ ವೇದಾಧ್ಯಯನದ ಬಾಗಿಲು ಮುಚ್ಚಿದೆ, ಶಂಕರಾಚಾರ್ಯರ ಭಾಷ್ಯ ಅದನ್ನು ಸಮರ್ಥಿಸುತ್ತದೆ. ಒಂದೇ ಪರಂಪರೆಯೊಳಗೆ ಅರ್ಹತೆಯನ್ನು ಅಗತ್ಯದಿಂದ ಅಳೆಯುವ ದಾರಿಯೂ ಇದೆ, ಹುಟ್ಟಿನಿಂದ ಅಳೆಯುವ ದಾರಿಯೂ ಇದೆ. ದೇಹದ ವಿದ್ಯೆಯ ವಿಷಯದಲ್ಲಿ ಇಂದು ಅನುಸರಿಸುತ್ತಿರುವುದು ಎರಡನೆಯದರ ಹೊಸ ರೂಪ: ಜಾತಿಯ ಬದಲು ಕೋರ್ಸು ಬಂದಿದೆ. ಜೈಮಿನಿಯ ತರ್ಕವನ್ನು ಇಲ್ಲಿ ನಿಷ್ಠೆಯಿಂದ ಅನ್ವಯಿಸಿದರೆ, ಬಸುರಾಗುವ ಸಾಧ್ಯತೆ ಯಾರಿಗಿದೆಯೋ, ಬಸಿರಿಗೆ ಕಾರಣನಾಗುವ ಸಾಧ್ಯತೆ ಯಾರಿಗಿದೆಯೋ ಅವರೆಲ್ಲರೂ ಈ ಅರಿವಿಗೆ ಅಧಿಕಾರಿಗಳು ಎಂದೇ ಹೇಳಬೇಕಾಗುತ್ತದೆ.

ಇಂಥ ವಿಷಯಗಳ ಮಾತೇ ಧರ್ಮಕ್ಕೆ ಹೊರಗು ಎಂಬ ನಂಬಿಕೆ ತೋರುವಷ್ಟು ಹಳೆಯದಲ್ಲ. ಬೃಹದಾರಣ್ಯಕ ಉಪನಿಷತ್ತಿನ ಕೊನೆಯ ಅಧ್ಯಾಯ ಗಂಡ ಹೆಂಡಿರ ಕೂಟವನ್ನು ಯಜ್ಞದ ರೂಪದಲ್ಲಿ ವಿವರಿಸುತ್ತದೆ. ಗರ್ಭ ನಿಲ್ಲಬೇಕೆನ್ನುವವರಿಗೂ ನಿಲ್ಲಬಾರದೆನ್ನುವವರಿಗೂ ಅಲ್ಲಿ ಬೇರೆಬೇರೆ ವಿಧಿಗಳಿವೆ, ಪಂಡಿತೆಯಾದ ಮಗಳು ಹುಟ್ಟಲಿ ಎಂದು ಬಯಸುವ ದಂಪತಿ ಯಾವ ಅನ್ನವನ್ನು ಉಣ್ಣಬೇಕೆಂಬ ಮಾತೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್ ಮುಲ್ಲರ್ ಈ ಉಪನಿಷತ್ತನ್ನು ಇಂಗ್ಲಿಷಿಗೆ ತಂದಾಗ, ಆ ಭಾಗದ ಕೆಲವು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಕೊಡಲು ಹಿಂಜರಿದು ಲ್ಯಾಟಿನ್ನಿನಲ್ಲಿ ಇರಿಸಿದ. ಕನ್ನಡದಲ್ಲಿಯೇ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಚಂದ್ರರಾಜ ಮದನತಿಲಕವೆಂಬ ಕಾಮಶಾಸ್ತ್ರದ ಗ್ರಂಥವನ್ನು ರಚಿಸಿದ್ದ. ಅದಕ್ಕೂ ಸಾವಿರಾರು ವರ್ಷ ಹಿಂದೆ, ಬಳ್ಳಾರಿ ನಗರಕ್ಕೆ ತಾಗಿದಂತಿರುವ ಸಂಗನಕಲ್ಲು-ಕಪ್ಪಗಲ್ಲು ಗುಡ್ಡಗಳ ಕರಿಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಗೂಳಿಗಳ ನಡುವೆ ಮಿಥುನ ರೂಪಗಳನ್ನೂ ಕುಟ್ಟಿ ಮೂಡಿಸಿದ್ದರು. ಅವರು ಅದನ್ನು ಯಾವ ಭಾವದಿಂದ ಮಾಡಿದರೋ ಇಂದು ಊಹಿಸುವುದು ಕಷ್ಟ. ಊರಿಗೆ ಕಾಣುವ ಗುಡ್ಡದ ಮೇಲೆ ಮಾಡಿದರು ಎಂಬುದಂತೂ ಕಣ್ಣಿಗೆ ಕಾಣುತ್ತದೆ. ಸಂಸ್ಕೃತಿಗೆ ಒಗ್ಗದು ಎನ್ನುವಾಗ ಯಾವ ಕಾಲದ, ಯಾರ ಸಂಸ್ಕೃತಿ ಎಂಬುದನ್ನು ಹೇಳುವ ಹೊಣೆ ಹಾಗೆನ್ನುವವರ ಮೇಲಿದೆ.

ನಿಜವಾದ ತಡೆಯಿರುವುದು ಕಾಮದ ಮಾತಿನಲ್ಲಲ್ಲ, ಸೂತಕದ ಕಲ್ಪನೆಯಲ್ಲಿ. ಮುಟ್ಟು, ಹೆರಿಗೆ, ಸಾವು ಇವುಗಳಿಂದ ವ್ಯಕ್ತಿಗೂ ಮನೆಗೂ ಅಂಟುವುದೆಂದು ಭಾವಿಸಲಾದ ಅಶುದ್ಧಿಗೆ ಸೂತಕವೆನ್ನುತ್ತಾರೆ. ಚಿತ್ರದುರ್ಗ, ತುಮಕೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿರಿಸುವ ಪದ್ಧತಿ ಇದರ ಅತಿ ಕಠೋರ ರೂಪ. ಬಳ್ಳಾರಿ ಭಾಗದ ಬಹುಪಾಲು ಮನೆಗಳಲ್ಲಿ ಅದು ದೇವರ ಕೋಣೆಗೆ ಹೋಗದಿರುವುದು, ಜಾತ್ರೆಯ ದಿನ ತೇರಿನ ಹತ್ತಿರ ಸುಳಿಯದಿರುವುದು, ಉಪ್ಪಿನಕಾಯಿಯ ಭರಣಿ ಮುಟ್ಟದಿರುವುದು ಎಂಬಷ್ಟಕ್ಕೆ ಇಳಿದಿದೆ. ಆದರೆ ರೂಪ ಮೆದುವಾದರೂ ತಿಳಿವಳಿಕೆಯ ಮೇಲೆ ಅದರ ಪರಿಣಾಮ ಮೆದುವಲ್ಲ. ಜೀವಶಾಸ್ತ್ರದ ಪುಸ್ತಕ ಮುಟ್ಟನ್ನು ವಿವರಿಸುವುದು ಹೀಗೆ: ಗರ್ಭವನ್ನು ಬರಮಾಡಿಕೊಳ್ಳಲು ಗರ್ಭಕೋಶದ ಒಳಪೊರೆ ದಪ್ಪವಾಗಿ, ರಕ್ತನಾಳಗಳಿಂದ ತುಂಬಿ ಸಜ್ಜಾಗುತ್ತದೆ, ಅಂಡಾಣು ಫಲಿತವಾಗದಿದ್ದರೆ ಕಾರ್ಪಸ್ ಲೂಟಿಯಮ್ ಎಂಬ ಗ್ರಂಥಿ ಕುಗ್ಗಿ, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಮಟ್ಟ ಇಳಿದು, ಆ ಪೊರೆ ಕಳಚಿ ರಕ್ತದೊಡನೆ ಹೊರಬರುತ್ತದೆ. ಮಗುವಿಗಾಗಿ ಹಾಸಿದ ಹಾಸಿಗೆಯೇ ಅದು. ಈ ವಾಕ್ಯಗಳನ್ನು ಬೆಳಿಗ್ಗೆ ಓದಿ ಅಂಕ ಗಳಿಸುವ ಹುಡುಗಿ ಸಂಜೆ ಅದೇ ರಕ್ತದ ಕಾರಣಕ್ಕೆ ದೇವರ ಮುಂದೆ ದೀಪ ಹಚ್ಚದೆ ದೂರ ನಿಲ್ಲುತ್ತಾಳೆ. ಎರಡೂ ಸತ್ಯಗಳು ಅವಳೊಳಗೆ ಒಂದನ್ನೊಂದು ಭೇಟಿಯಾಗದೆ ಉಳಿಯುತ್ತವೆ.

ಇವೆರಡನ್ನು ಎದುರುಬದುರು ನಿಲ್ಲಿಸಿದ ವಿಚಾರಧಾರೆ ಹೊರಗಿನಿಂದ ಬರಬೇಕಾಗಿಲ್ಲ, ಅದು ಈ ನೆಲದ್ದೇ. ಹನ್ನೆರಡನೆಯ ಶತಮಾನದ ಶರಣರು ಜಾತಿಸೂತಕ, ಜನನಸೂತಕ, ಪ್ರೇತಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ ಎಂಬ ಐದನ್ನೂ ನಿರಾಕರಿಸಿದರು. ರಜಸ್ಸೂತಕವೆಂದರೆ ಮುಟ್ಟಿನ ಮೈಲಿಗೆ, ಉಚ್ಛಿಷ್ಟವೆಂದರೆ ಎಂಜಲು. ನಿರಾಕರಣೆಯ ತರ್ಕ ಸರಳವೂ ಗಟ್ಟಿಯೂ ಆದದ್ದು. ಇಷ್ಟಲಿಂಗ ಸದಾ ಮೈಮೇಲೆ ಇರುವುದರಿಂದ ಮುಟ್ಟಿನ ದಿನಗಳಲ್ಲಿ ಅದನ್ನು ತೆಗೆದಿಡುವಂತಿಲ್ಲ; ತೆಗೆಯುವಂತಿಲ್ಲವಾದರೆ ಆ ದೇಹ ಅಶುದ್ಧವೆನ್ನುವಂತಿಲ್ಲ; ದೇವರು ಬಿಟ್ಟುಹೋಗದ ದೇಹವನ್ನು ಸಮಾಜ ಬಿಟ್ಟು ದೂರ ನಿಲ್ಲುವುದಕ್ಕೆ ಆಧಾರವೇ ಉಳಿಯುವುದಿಲ್ಲ. ಕುರುಗೋಡು ಸಿಂದ ಅರಸರ ರಾಜಧಾನಿಯಾಗಿದ್ದ ಊರು, ಏಕಶಿಲೆಯ ದೊಡ್ಡಬಸವೇಶ್ವರನ ಊರು. ಸುತ್ತಲ ಹಳ್ಳಿಗಳಲ್ಲಿ ಲಿಂಗ ಕಟ್ಟಿಕೊಂಡ ಮನೆತನಗಳು ಬಹಳ ಇವೆ. ಅಂಥ ಮನೆಗಳಲ್ಲಿಯೂ ಇಂದು ಐದು ಸೂತಕಗಳ ನಿರಾಕರಣೆ ಪ್ರವಚನದ ಮಾತಾಗಿ ಉಳಿದು, ಮುಟ್ಟಿನ ದಿನಗಳ ದೂರ ಮಾತ್ರ ಆಚರಣೆಯಾಗಿ ಮುಂದುವರಿದಿರುವುದು ಅಪರೂಪವೇನಲ್ಲ. ಎಂಟುನೂರು ವರ್ಷಗಳ ಹಿಂದೆ ತತ್ವದಲ್ಲಿ ಗೆದ್ದ ವಾದವೊಂದನ್ನು ಅದರ ವಾರಸುದಾರರೇ ದಿನದ ಬಾಳಿನಲ್ಲಿ ಸೋಲಗೊಟ್ಟಿದ್ದಾರೆ, ಅದಕ್ಕೆ ನಾಚಿಕೆಪಡಬೇಕಾದ್ದು ಮುಟ್ಟಿಗೆ ನಾಚುವುದಕ್ಕಿಂತ ಹೆಚ್ಚು ಅಗತ್ಯ.

ಬಳ್ಳಾರಿ ನಗರ ಮತ್ತು ಸಿರುಗುಪ್ಪದ ಮುಸ್ಲಿಂ ಮನೆಗಳ ಹುಡುಗಿಯರೂ ಇದೇ ಅಧ್ಯಾಯವನ್ನು ಓದುತ್ತಾರೆ, ಹಯಾ ಎಂದು ಕರೆಯುವ ಲಜ್ಜಾಶೀಲತೆ ಅವರ ಧರ್ಮದಲ್ಲಿ ನಂಬಿಕೆಯ ಅಂಗವೇ ಆಗಿದೆ. ಆದರೆ ಹದೀಸಿನಲ್ಲಿ, ಎಂದರೆ ಪ್ರವಾದಿಯವರ ಮಾತು ಮತ್ತು ನಡೆಗಳ ವರದಿಗಳಲ್ಲಿ, ಮುಟ್ಟು ಮುಗಿದ ಮೇಲಿನ ಸ್ನಾನದ ಬಗ್ಗೆ ಮದೀನಾದ ಹೆಂಗಸರು ನೇರವಾಗಿ ಕೇಳಿ ತಿಳಿದುಕೊಂಡ ಪ್ರಸಂಗವಿದೆ. ಧರ್ಮವನ್ನು ಅರಿಯಲು ನಾಚಿಕೆಯನ್ನು ಅಡ್ಡ ತರಲಿಲ್ಲವೆಂದು ಆ ಅನ್ಸಾರಿ ಸ್ತ್ರೀಯರನ್ನು ಪ್ರವಾದಿಯವರ ಪತ್ನಿ ಆಯಿಷಾ ಮೆಚ್ಚಿಕೊಂಡದ್ದೂ ಅಲ್ಲಿ ದಾಖಲಾಗಿದೆ. ಅಜ್ಲ್ ಎಂದು ಕರೆಯುವ, ವೀರ್ಯ ಒಳಗೆ ಬೀಳದಂತೆ ಹಿಂದೆ ಸರಿಯುವ ವಿಧಾನವನ್ನು ಹೆಚ್ಚಿನ ನ್ಯಾಯಶಾಸ್ತ್ರಜ್ಞರು ಹೆಂಡತಿಯ ಒಪ್ಪಿಗೆಯಂಥ ಷರತ್ತುಗಳೊಡನೆ ಅನುಮತಿಸಿದರು, 1111ರಲ್ಲಿ ತೀರಿಕೊಂಡ ಇಮಾಂ ಗಜಾಲಿ ಅದರ ಕಾರಣಗಳನ್ನು ವಿವರವಾಗಿ ತೂಗಿ ನೋಡಿದ್ದಾರೆ. ಪರೀಕ್ಷೆಯ ಪಠ್ಯ ಸಹಜ ವಿಧಾನಗಳ ಪಟ್ಟಿಯಲ್ಲಿ ಇದನ್ನೇ ಹೆಸರಿಸಿ, ವಿಫಲವಾಗುವ ಸಂಭವ ಹೆಚ್ಚೆಂದು ಎಚ್ಚರಿಸುತ್ತದೆ. ಲಜ್ಜೆ ಮತ್ತು ಜ್ಞಾನ ಎರಡೂ ಒಂದೇ ಮನೆಯಲ್ಲಿ ಇರಬಲ್ಲವು ಎಂಬುದಕ್ಕೆ ಆ ಪರಂಪರೆಯ ಹಳೆಯ ಪುಟಗಳೇ ಸಾಕ್ಷಿ.

ಅಧ್ಯಾಯದ ವಿಷಯಕ್ಕೆ ಬಂದರೆ, ಬಹುಆಯ್ಕೆಯ ಒಂದೊಂದು ಪ್ರಶ್ನೆಯ ಅಡಿಯಲ್ಲೂ ತತ್ವಶಾಸ್ತ್ರದ ಸಮಸ್ಯೆಯೊಂದು ಹುದುಗಿದೆ, ಪರೀಕ್ಷೆ ಅದನ್ನು ಕೇಳುವುದಿಲ್ಲ ಅಷ್ಟೆ. ತಾಮ್ರದ ಕಾಪರ್-ಟಿ ಬಿಡುಗಡೆ ಮಾಡುವ ಅಯಾನುಗಳು ವೀರ್ಯಾಣುವಿನ ಚಲನೆಯನ್ನೂ ಫಲಿಸುವ ಶಕ್ತಿಯನ್ನೂ ಕುಂದಿಸುತ್ತವೆ. ಹಾರ್ಮೋನು ಸೂಸುವ ಸಾಧನಗಳು ಭ್ರೂಣ ಗರ್ಭಕೋಶದ ಗೋಡೆಗೆ ಅಂಟದಂತೆ ಮಾಡುತ್ತವೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಸ್ಟೆರಾಯ್ಡ್ ಅಲ್ಲದ, ವಾರದ ಲೆಕ್ಕದಲ್ಲಿ ನುಂಗುವ ಸಹೇಲಿ ಗುಳಿಗೆಯ ಹೆಸರು ಪರೀಕ್ಷೆಗೆ ಓದುವವರಿಗೆಲ್ಲ ಗೊತ್ತು. ಅದೇ ಔಷಧ ಛಾಯಾ ಎಂಬ ಹೆಸರಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರದಿಂದ ತಮ್ಮ ಓಣಿಯ ಹೆಂಗಸರಿಗೆ ಪುಕ್ಕಟೆಯಾಗಿ ಸಿಗುತ್ತದೆ ಎಂಬ ಸಂಗತಿ ಅಂಕ ತರುವುದಿಲ್ಲವಾದ್ದರಿಂದ ಪಾಠದೊಳಗೆ ಬರುವುದಿಲ್ಲ. ಫಲಿತವಾಗುವ ಮುನ್ನ ತಡೆಯುವುದಕ್ಕೂ ಫಲಿತವಾದ ಬಳಿಕ ಅಂಟದಂತೆ ತಡೆಯುವುದಕ್ಕೂ ನಡುವೆ ಧರ್ಮದ ದೃಷ್ಟಿಯಿಂದ ಅಂತರವಿದೆಯೆ? ಈ ಪ್ರಶ್ನೆಯ ಉತ್ತರ, ಜೀವ ಯಾವಾಗ ಬರುತ್ತದೆ ಎಂಬ ಮತ್ತೂ ಹಿರಿಯ ಪ್ರಶ್ನೆಯ ಮೇಲೆ ನಿಂತಿದೆ.

ಆ ಹಿರಿಯ ಪ್ರಶ್ನೆಗೆ ಭಾರತೀಯ ಪರಂಪರೆ ಒಂದೇ ಉತ್ತರ ಕೊಟ್ಟಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಪ್ರಕಾರ ಶುಕ್ರ ಮತ್ತು ಶೋಣಿತಗಳು, ಎಂದರೆ ಗಂಡಿನ ಬೀಜ ಮತ್ತು ಹೆಣ್ಣಿನ ರಕ್ತರೂಪದ ಬೀಜ, ಕೂಡಿದ ಎಡೆಗೆ ಜೀವ ಇಳಿದು ಬಂದಾಗಲೇ ಗರ್ಭವೆನಿಸುತ್ತದೆ. ಗರ್ಭೋಪನಿಷತ್ತು ಬೇರೆಯೇ ಲೆಕ್ಕ ಹೇಳುತ್ತದೆ: ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಗುಳ್ಳೆ, ಅರ್ಧ ತಿಂಗಳಿಗೆ ಪಿಂಡ, ಹೀಗೆ ಬೆಳೆದು ಏಳನೆಯ ತಿಂಗಳಲ್ಲಿ ಜೀವದೊಡನೆ ಕೂಡುತ್ತದೆ. ಸುಶ್ರುತನು ನಾಲ್ಕನೆಯ ತಿಂಗಳಲ್ಲಿ ಹೃದಯದೊಡನೆ ಚೇತನವೂ ಸ್ಪಷ್ಟವಾಗುತ್ತದೆಂದು, ಆಗ ತಾಯಿಯಲ್ಲಿ ಎರಡು ಹೃದಯಗಳಿರುವುದರಿಂದ ಅವಳಿಗೆ ಬಯಕೆ ಹುಟ್ಟುತ್ತದೆಂದು ವಿವರಿಸಿದ; ಬಸುರಿಯ ಬಯಕೆಯನ್ನು ತೀರಿಸದಿರಬಾರದೆಂಬ ನಮ್ಮ ಹಳ್ಳಿಗಳ ಪದ್ಧತಿಗೆ ಇದಕ್ಕಿಂತ ಸುಂದರವಾದ ಸಮರ್ಥನೆ ಸಿಗದು. ಇಸ್ಲಾಮಿನಲ್ಲಿ ಹದೀಸಿನ ಆಧಾರದ ಮೇಲೆ 120 ದಿನಗಳ ಬಳಿಕ ರೂಹ್, ಎಂದರೆ ಆತ್ಮ, ಊದಲ್ಪಡುತ್ತದೆ ಎಂಬ ಮತ ಬಲವಾಗಿದೆ. ಬಳ್ಳಾರಿಯಲ್ಲಿ ಧರ್ಮಪ್ರಾಂತವನ್ನೇ ಹೊಂದಿರುವ ಕ್ಯಾಥೊಲಿಕ್ ಸಭೆ ಗರ್ಭಧಾರಣೆಯ ಕ್ಷಣದಿಂದಲೇ ಮನುಷ್ಯ ಜೀವಕ್ಕೆ ಗೌರವ ಸಲ್ಲಬೇಕೆನ್ನುತ್ತದೆ. 1968ರಲ್ಲಿ ಪೋಪ್ ಆರನೆಯ ಪೌಲ್ ಹೊರಡಿಸಿದ ಹ್ಯೂಮನೆ ವೀಟೆ ಎಂಬ ಪತ್ರ ಕೃತಕ ಗರ್ಭನಿರೋಧವನ್ನು ನಿಷೇಧಿಸಿ, ಋತುಚಕ್ರದ ಬಂಜೆ ದಿನಗಳನ್ನು ಆಶ್ರಯಿಸುವುದನ್ನು ಮಾತ್ರ ಒಪ್ಪಿತು. ಜೀವಶಾಸ್ತ್ರ ಈ ಯಾವುದಕ್ಕೂ ತೀರ್ಪು ಕೊಡಲಾರದು. ಮೊದಲ ತಿಂಗಳ ಕೊನೆಗೆ ಹೃದಯ ರೂಪುಗೊಳ್ಳುತ್ತದೆ, ಎರಡನೆಯದರ ಕೊನೆಗೆ ಕೈಕಾಲು ಬೆರಳುಗಳು ಮೂಡುತ್ತವೆ, ಐದನೆಯ ತಿಂಗಳಿನಲ್ಲಿ ಮಗುವಿನ ಅಲುಗಾಟ ತಿಳಿಯುತ್ತದೆ ಎಂದು ಅದು ಹೇಳಬಲ್ಲದು. ಇವುಗಳಲ್ಲಿ ಯಾವ ಮೆಟ್ಟಿಲಲ್ಲಿ ಹಕ್ಕುಳ್ಳ ವ್ಯಕ್ತಿಯೊಬ್ಬ ನಿಂತಿದ್ದಾನೆಂದು ಹೇಳುವುದು ಅದರ ಕೆಲಸವಲ್ಲ. ಆದರೂ ಆ ಮೆಟ್ಟಿಲುಗಳನ್ನೇ ಅರಿಯದೆ ಈ ಬಗ್ಗೆ ತೀರ್ಪು ಕೊಡುವ ಧರ್ಮಗುರುವಿನ ಮಾತಿಗೆ ತೂಕ ಬರದು. ದೇಶದ ಕಾನೂನು ತನ್ನದೇ ಗೆರೆಗಳನ್ನು ಎಳೆದುಕೊಂಡಿದೆ: 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ 20 ವಾರಗಳವರೆಗೆ ಒಬ್ಬ ವೈದ್ಯರ, ನಿರ್ದಿಷ್ಟ ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು.

ಮಹಾಭಾರತದಲ್ಲಿ ಗಾಂಧಾರಿಯ ಪಿಂಡವನ್ನು ತುಪ್ಪದ ಕೊಡಗಳಲ್ಲಿಟ್ಟು ನೂರ ಒಂದು ಮಕ್ಕಳನ್ನು ಪಡೆದದ್ದನ್ನು, ಇದೇ ಅಧ್ಯಾಯದಲ್ಲಿ ಬರುವ ಪ್ರನಾಳ ಶಿಶುವಿನ ಪುರಾವೆಯೆಂದು ತೋರಿಸುವವರು ಈ ಭಾಗದಲ್ಲಿಯೂ ಇದ್ದಾರೆ. ಅದರಿಂದ ವಿಜ್ಞಾನಕ್ಕೆ ಲಾಭವಿಲ್ಲ, ಕಥೆಗಂತೂ ದೊಡ್ಡ ನಷ್ಟ. ಹೆರಲಾರದ ತಾಯಿಯ ಸಂಕಟವನ್ನು ಹೇಳುವ ಕಥೆ ಆಗ ಪ್ರಯೋಗಶಾಲೆಯ ವರದಿಯಾಗಿ ಬಡವಾಗುತ್ತದೆ.

ಧರ್ಮದ ಹೆಸರು ದೇಹದ ಅರಿವಿನೊಡನೆ ಅತ್ಯಂತ ಕ್ರೂರವಾಗಿ ಹೆಣೆದುಕೊಂಡ ಉದಾಹರಣೆಯೂ ಈ ಜಿಲ್ಲೆಯಲ್ಲಿದೆ. ಮೈನೆರೆಯುವ ಮುಂಚೆ ಅಥವಾ ನೆರೆದ ಕೂಡಲೇ ಹುಡುಗಿಯನ್ನು ದೇವಿಗೆ ಮುತ್ತು ಕಟ್ಟಿಸುವ ದೇವದಾಸಿ ಪದ್ಧತಿ ಬಹುಮಟ್ಟಿಗೆ ದಲಿತ ಕುಟುಂಬಗಳ ಮೇಲೆ ಬಿದ್ದ ಹೊರೆ. ಅದನ್ನು ತಡೆಯಲು ರಾಜ್ಯ 1982ರಲ್ಲಿ ಕಾಯ್ದೆ ಮಾಡಿತು. ಬಳಿಕ 1993-94 ಮತ್ತು 2007-08ರಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಬಳ್ಳಾರಿಯೂ ಸೇರಿದ ಹದಿನಾಲ್ಕು ಜಿಲ್ಲೆಗಳಲ್ಲಿ 46,660 ಮಹಿಳೆಯರನ್ನು ಗುರುತಿಸಲಾಯಿತು. ಅಧ್ಯಾಯದಲ್ಲಿ ಬರುವ ಲೈಂಗಿಕ ರೋಗಗಳ ಪಟ್ಟಿಯನ್ನು, ಗೊನೊರಿಯಾ, ಸಿಫಿಲಿಸ್, ಹೆಪಟೈಟಿಸ್-ಬಿ, ಎಚ್‌ಐವಿ ಎಂದು ವಿದ್ಯಾರ್ಥಿಗಳು ಯಾವುದು ಪೂರ್ತಿ ಗುಣವಾಗುತ್ತದೆ, ಯಾವುದು ಆಗದು ಎಂದು ವಿಂಗಡಿಸಿ ನೆನಪಿಟ್ಟುಕೊಳ್ಳುತ್ತಾರೆ. ಆ ಪಟ್ಟಿಯನ್ನು ಒಡಲಿನಲ್ಲೇ ಹೊತ್ತು ಬದುಕಿದ ಹೆಂಗಸರು ಅವರ ಊರುಗಳಲ್ಲೇ ಇದ್ದರು. ದೇವಿಯ ಹೆಸರಿನಲ್ಲಿ ಅವರ ದೇಹವನ್ನು ಊರಿಗೆ ಒಪ್ಪಿಸಿದ ಸಮಾಜ, ಅದೇ ದೇಹವನ್ನು ಕಾಪಾಡಿಕೊಳ್ಳುವ ಅರಿವನ್ನು ಮಾತ್ರ ಅವರಿಗೆ ಕೊಡಲಿಲ್ಲ.

ಕುಟುಂಬ ಯೋಜನೆಯ ಇತಿಹಾಸದಲ್ಲಿಯೂ ಬಳ್ಳಾರಿಯದು ಪಕ್ಕಕ್ಕುಳಿದ ಕಥೆ. ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಿತು, ಸರ್ಕಾರವೊಂದು ಇಂಥ ಹೆಜ್ಜೆ ಇಟ್ಟದ್ದು ಜಗತ್ತಿನಲ್ಲೇ ಮೊದಲೆಂದು ಹೆಸರಾಯಿತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಕನ್ನಡದ ಹೆಂಗಸರಿಗೆ ಈ ವಿಷಯವನ್ನು ಮನೆಮಾತಿನಲ್ಲಿ ಹೇಳುವ ಕೆಲಸವನ್ನು ಆಮೇಲೆ ಬಹುಮಟ್ಟಿಗೆ ಒಬ್ಬ ಲೇಖಕಿಯೇ ಹೊತ್ತರು: ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಬರೆದ ವಧುವಿಗೆ ಕಿವಿಮಾತು, ತಾಯಿ ಮಗು, ಕೇಳು ಕಿಶೋರಿಯಂಥ ಪುಸ್ತಕಗಳು ಪರೀಕ್ಷೆಯ ನೆಪವಿಲ್ಲದೆ ಓದುಗರಿಗೆ ದೊರೆತವು. ಕಲಿಯಲು ಬಂದವಳಿಗೆ ಯಾವ ಅರ್ಹತೆ ಇದೆಯೆಂದು ಆ ಪುಸ್ತಕಗಳು ಕೇಳಲಿಲ್ಲ.

ಈ ಅರಿವಿನ ಪ್ರಯೋಜನವೇನು ಎಂಬ ನಾಲ್ಕನೆಯ ಪ್ರಶ್ನೆಯನ್ನು 2024ರ ನವೆಂಬರ್ ಬಳ್ಳಾರಿಯ ಮುಂದೆ ನೇರವಾಗಿ ತಂದು ನಿಲ್ಲಿಸಿತು. ಜಿಲ್ಲಾ ಆಸ್ಪತ್ರೆಯಲ್ಲಿ ಆ ತಿಂಗಳು ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಕ್ತನಾಳದ ಮೂಲಕ ಏರಿಸಿದ ದ್ರಾವಣದ ಗುಣಮಟ್ಟದ ಬಗ್ಗೆ ಸಂಶಯ ಎದ್ದು, ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿ ತನಿಖೆಗೆ ಇಳಿಯಿತು. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಈ ಸೀಮೆಯಲ್ಲಿ ತಲೆಮಾರುಗಳಿಂದ ಬಂದದ್ದು, ಬಾಣಂತಿ ಉಳಿಯದಿದ್ದಾಗ ಹಣೆಬರಹ ಎಂದು ಕಣ್ಣೊರೆಸಿಕೊಳ್ಳುವುದೂ ಹಾಗೆಯೇ ಬಂದದ್ದು. ಆ ನವೆಂಬರಿನಲ್ಲಿ ಜನ ಹಾಗೆನ್ನದೆ ಬಾಟಲಿಯೊಳಗೆ ಏನಿತ್ತು ಎಂದು ಕೇಳಿದರು. ಕರ್ಮಸಿದ್ಧಾಂತವನ್ನು ನಂಬುವವರಿಗೂ ಈ ಪ್ರಶ್ನೆ ಪರಕೀಯವಲ್ಲ, ಏಕೆಂದರೆ ಆ ಸಿದ್ಧಾಂತದ ಜೀವಾಳವೇ ಕಾರಣವಿಲ್ಲದೆ ಕಾರ್ಯವಿಲ್ಲ ಎಂಬುದು. ಹಿಂದಿನ ಜನ್ಮದ ಕಾರಣವನ್ನು ನೆನೆಯುವ ಮೊದಲು ಈ ಜನ್ಮದ, ಈ ವಾರ್ಡಿನ ಕಾರಣವನ್ನು ಹುಡುಕುವುದು ಅದಕ್ಕೆ ವಿರುದ್ಧವಾಗದು. ಸತ್ತ ತಾಯಿಯ ಮಗುವಿಗೆ ವಿಧಿಯ ಹೆಸರಲ್ಲಿ ಉತ್ತರ ಕೊಟ್ಟು ಮುಗಿಸುವುದನ್ನು ಯಾವ ಧರ್ಮವೂ ಪುಣ್ಯವೆಂದು ಹೇಳಿಲ್ಲ.

ಶರಣರ ಪರಿಭಾಷೆಯಲ್ಲಿ ಅರಿವು ಮತ್ತು ಆಚಾರ ಬಿಡಿಸಲಾಗದ ಜೋಡಿ: ಅರಿವೆಂದರೆ ತಿಳಿದದ್ದು, ಆಚಾರವೆಂದರೆ ತಿಳಿದದ್ದನ್ನು ನಡೆದು ತೋರುವುದು, ನಡೆಗೆ ಬಾರದ ಅರಿವನ್ನು ಅವರು ಅರಿವೆಂದೇ ಒಪ್ಪಲಿಲ್ಲ. ಪರೀಕ್ಷೆಯ ಓದು ಇವೆರಡನ್ನು ಬೇರ್ಪಡಿಸುವುದರಲ್ಲಿ ನಿಪುಣವಾಗಿದೆ. ಮೊಲೆಯುಣಿಸುವ ತಾಯಿಗೆ ಮತ್ತೆ ಬಸಿರು ನಿಲ್ಲದಿರುವುದು ಹೆಚ್ಚೆಂದರೆ ಆರು ತಿಂಗಳವರೆಗೆ, ಅದೂ ಮಗು ಪೂರ್ತಿಯಾಗಿ ಎದೆಹಾಲನ್ನೇ ಅವಲಂಬಿಸಿದ್ದರೆ ಮಾತ್ರ ಎಂಬ ಸಾಲು ಪಠ್ಯದಲ್ಲಿದೆ. ಹಾಲು ಬಿಡಿಸುವ ತನಕ ಭಯವಿಲ್ಲವೆಂದು ನಂಬಿ ವರ್ಷ ತುಂಬುವ ಮುನ್ನ ಮತ್ತೆ ಬಸುರಾದ ಅಕ್ಕನೋ ಅತ್ತಿಗೆಯೋ ಅದೇ ವಿದ್ಯಾರ್ಥಿಯ ಮನೆಯಲ್ಲಿರಬಹುದು. ನಾಲ್ಕು ಅಂಕದ ಆ ಸಾಲನ್ನು ಅವಳಿಗೆ ಹೇಳುವುದು ಯಾರ ಕರ್ತವ್ಯವೆಂದು ಪುಸ್ತಕ ಹೇಳುವುದಿಲ್ಲ. ಪಂಚಸೂತಕಗಳ ನಿರಾಕರಣೆಯನ್ನು ಪ್ರತಿವರ್ಷ ಪ್ರವಚನ ಮಾಡುವ ಮಠಗಳೂ ಹೇಳುತ್ತಿಲ್ಲ. ತಮ್ಮ ಶಾಲೆ, ಪ್ರಸಾದನಿಲಯಗಳಲ್ಲಿ ಸಾವಿರಾರು ಮಕ್ಕಳನ್ನು ಓದಿಸಿದ ಸಂಸ್ಥೆಗಳಿಗೆ ಇದು ಎಟುಕದ ಕೆಲಸವೇನಲ್ಲ.

ನೀಟ್ ಬರೆಯುವವರ ಸಂಖ್ಯೆ ಇಂದು ವರ್ಷಕ್ಕೆ 20 ಲಕ್ಷವನ್ನು ದಾಟಿದೆ, ದೇಶದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷವನ್ನು ಮೀರುತ್ತವೆ. 371-ಜೆ ವಿಧಿಯ ಪ್ರಾದೇಶಿಕ ಮೀಸಲಾತಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ದಾರಿ ಒಂದಿಷ್ಟು ಸಲೀಸಾಗಿದೆ, 1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸಿರುಗುಪ್ಪ, ಕುರುಗೋಡಿನ ಕೆಲವರಿಗೆ ಸೀಟು ಸಿಗುತ್ತದೆ. ಆದರೆ ಅಧ್ಯಾಯವನ್ನು ಓದಿದವರಲ್ಲಿ ಬಹುಪಾಲು ಹುಡುಗ ಹುಡುಗಿಯರು ವೈದ್ಯರಾಗುವುದಿಲ್ಲ. ಪ್ರಯೋಜನವೆಂದರೆ ಸೀಟು ಮಾತ್ರವೇ ಆಗಿದ್ದರೆ ಅವರೆಲ್ಲರ ಓದು ವ್ಯರ್ಥವಾಯಿತೆಂದು ಬರೆದುಬಿಡಬೇಕಾಗುತ್ತದೆ. ಅವರು ನರ್ಸಿಂಗ್, ಡಿಪ್ಲೊಮಾ, ಬಿಎಸ್ಸಿ ಸೇರುತ್ತಾರೆ, ಶಿಕ್ಷಕರಾಗುತ್ತಾರೆ, ಅಂಗಡಿ ಇಡುತ್ತಾರೆ, ಮದುವೆಯಾಗುತ್ತಾರೆ, ತಮ್ಮ ಊರುಗಳಲ್ಲೇ ಉಳಿಯುತ್ತಾರೆ. ಗರ್ಭ ಹೇಗೆ ನಿಲ್ಲುತ್ತದೆ, ಹೇಗೆ ತಡೆಯಬಹುದು, ಮುಟ್ಟು ಏನು, ಯಾವ ರೋಗ ಹೇಗೆ ಹರಡುತ್ತದೆ ಎಂಬುದನ್ನು ಆ ಓಣಿಯಲ್ಲಿ ತಪ್ಪಿಲ್ಲದೆ ಹೇಳಬಲ್ಲವರು ಆಶಾ ಕಾರ್ಯಕರ್ತೆಯ ಬಳಿಕ ಇವರೇ. ನಾಟಿಯ ಗದ್ದೆಯಲ್ಲಿ, ಜೀನ್ಸ್ ಹೊಲಿಗೆಯ ಕೋಣೆಯಲ್ಲಿ, ಬಸುರಿಯ ಕುಬಸದ ಸಂಭ್ರಮ ಮುಗಿದ ಮನೆಯ ಹಿತ್ತಿಲಲ್ಲಿ ಕೇಳುವವರು ಇದ್ದಾರೆ, ಅವರಿಗೆ ಯಾವ ಅರ್ಹತಾ ಪರೀಕ್ಷೆಯೂ ಬೇಕಿಲ್ಲ.